ಅಣಕಿಸುವ ನಾಲಿಗೆ, ಅನುಕರಿಸುವ ಹೃದಯ



ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೊಟ್ಟೆ ಹುಣ್ಣಾಗುವಂತೆ ನಕ್ಕು ಎಷ್ಟು ದಿನವಾಯಿತು? ಈಗ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಮೊಬೈಲ್ ಇದೆ. ಮಗ ಒಂದು ಮೂಲೆಯಲ್ಲಿ ನಗುತ್ತಾನೆ, ಮಗಳು ಇನ್ನೊಂದು ಮೂಲೆಯಲ್ಲಿ ನಗುತ್ತಾಳೆ. ಇಬ್ಬರೂ ಯಾಕೆ ನಕ್ಕರೆಂದು ತಾಯಿಗೆ ತಿಳಿಯುವುದಿಲ್ಲ. ಒಂದೇ ಟಿ.ವಿ.ಯ ಮುಂದೆ ಇಡೀ ಮನೆ, ಜೊತೆಗೆ ನೆರೆಯವರೂ ಕುಳಿತು ನಕ್ಕ ಕಾಲವೊಂದಿತ್ತು. ಆ ಕಾಲದ ಒಂದು ಹಾಸ್ಯ ಕಾರ್ಯಕ್ರಮವನ್ನೂ, ಅದನ್ನು ನಾವು ನೋಡಿದ ಒಂದು ಮನೆಯನ್ನೂ ಇಲ್ಲಿ ನೆನೆಯಲು ಬಯಸುತ್ತೇವೆ.

ಗೋವೆಯ ಮಡಗಾಂವ್ ಪಟ್ಟಣದಲ್ಲಿ ಮೋತಿ ಡೊಂಗರ್ ಎಂಬ ಗುಡ್ಡವಿದೆ. ಮೋತಿ ಎಂದರೆ ಮುತ್ತು, ಡೊಂಗರ್ ಎಂದರೆ ಗುಡ್ಡ. ಹೆಸರು ಮುತ್ತಿನದಾದರೂ ಅಲ್ಲಿನ ಬದುಕು ಬೆವರಿನದು. ಗುಡ್ಡದ ಮೈಗೆ ಒತ್ತಿಕೊಂಡಿರುವ ಪುಟ್ಟ ಮನೆಗಳಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕನ್ನಡ ಕುಟುಂಬಗಳು ಬಹಳ. ಗೋವೆಯ ಕಟ್ಟಡಗಳ ಕಲ್ಲು ಹೊತ್ತವರು, ರಸ್ತೆಗೆ ಡಾಂಬರು ಸುರಿದವರು, ಮನೆಮನೆಯ ಪಾತ್ರೆ ತೊಳೆದವರು ಇವರು. ನಾವು ಗುರುಮಠದಲ್ಲಿ ಓದುತ್ತಿದ್ದಾಗ, 2007ರ ರಜೆಯಲ್ಲಿ, ಅಲ್ಲಿನ ಕೆಲವು ಕುಟುಂಬಗಳ ಜೊತೆ ಕನ್ನಡದಲ್ಲಿ ಜಪಸರ ಮಾಡಿ, ಅವರ ಸುಖದುಃಖ ವಿಚಾರಿಸುವ ಅವಕಾಶ ನಮಗೆ ಸಿಕ್ಕಿತ್ತು.

ಒಂದು ಮನೆಯಲ್ಲಿ ಜಪಸರ ಮುಗಿಯುವುದೇ ತಡ, ಮಕ್ಕಳು ಟಿ.ವಿ. ಹಚ್ಚಿದರು. ಜೀ ಟಿ.ವಿ.ಯಲ್ಲಿ ಜಾನಿ ಲಿವರ್ ಅವರ ‘ಜಾನಿ ಆಲಾ ರೇ’ ಬರುತ್ತಿದ್ದ ದಿನಗಳವು. ಹತ್ತು ಅಡಿ ಕೋಣೆಯಲ್ಲಿ ಹದಿನೈದು ಜನ. ಬಾಗಿಲಾಚೆಯಿಂದ ಇಣುಕುವವರು ಬೇರೆ. ಹಿಂದಿ ಅರ್ಧಂಬರ್ಧ ಅರ್ಥವಾಗುತ್ತಿದ್ದ ಆ ಮನೆಯ ತಾಯಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. “ನೋಡ್ರಿ ಬ್ರದರ್, ಆ ಮನಷ್ಯಾನ ಮಾರಿ ರಬ್ಬರಿನಂಗ ಐತಿ. ಹೆಂಗ ಬೇಕಾದ್ರ ಹಂಗ ತಿರುವ್ತಾನ!” ಎಂದರು. ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾವು ಎಲ್ಲಿಯೂ ಓದಿಲ್ಲ.

ಈ ಜಾನಿ ಲಿವರ್ ಯಾರು? 1957ರಲ್ಲಿ ಆಂಧ್ರದ ಕನಿಗಿರಿಯ ಒಂದು ಬಡ ತೆಲುಗು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಜಾನ್ ಪ್ರಕಾಶ ರಾವ್ ಜನುಮಲ. ಬೆಳೆದದ್ದು ಮುಂಬಯಿಯ ಧಾರಾವಿಯಲ್ಲಿ. ಮನೆಯ ಕಷ್ಟದಿಂದ ಏಳನೆಯ ತರಗತಿಗೇ ಶಾಲೆ ಬಿಟ್ಟರು. ಸಿನಿಮಾ ತಾರೆಯರ ನಡಿಗೆ, ಕುಣಿತ, ಮಾತುಗಳನ್ನು ಅನುಕರಿಸುತ್ತ ಬೀದಿಯಲ್ಲಿ ಪೆನ್ನು ಮಾರಿದರು. ತಂದೆ ದುಡಿಯುತ್ತಿದ್ದ ಹಿಂದೂಸ್ತಾನ್ ಲಿವರ್ ಕಾರ್ಖಾನೆಯಲ್ಲಿ ತಾವೂ ಕೂಲಿಯಾದರು. ಅಲ್ಲಿನ ಒಂದು ಸಮಾರಂಭದಲ್ಲಿ ಮೇಲಧಿಕಾರಿಗಳನ್ನೇ ಅನುಕರಿಸಿ ತೋರಿಸಿದಾಗ, ಸಂತೋಷಗೊಂಡ ಕಾರ್ಮಿಕರು ‘ನೀನು ಜಾನಿ ಲಿವರ್’ ಎಂದು ಹೆಸರಿಟ್ಟರು. ಆ ಹೆಸರೇ ಶಾಶ್ವತವಾಯಿತು. ಮುಂದೆ ಕಲ್ಯಾಣ್‌ಜಿ-ಆನಂದ್‌ಜಿ ಅವರ ತಂಡದಲ್ಲಿ ವೇದಿಕೆ ಸಿಕ್ಕಿತು. ಸುನೀಲ್ ದತ್ತರ ‘ದರ್ದ್ ಕಾ ರಿಶ್ತಾ’ (1982) ಚಿತ್ರದಲ್ಲಿ ಪಾತ್ರ ಸಿಕ್ಕಿತು. ‘ಬಾಜಿಗರ್’ (1993) ಬಂದ ಮೇಲೆ ಅವರನ್ನು ಅರಿಯದವರೇ ಇಲ್ಲವಾದರು.

ಗುಡಿಸಲಿನಿಂದ ಬಂದವನು ಟಿ.ವಿ. ಪರದೆಯ ಮೇಲೆ ನಿಂತು ದೊಡ್ಡವರನ್ನು ಅನುಕರಿಸಿದಾಗ ಗುಡ್ಡದ ಮೇಲಿನ ಆ ಕೋಣೆಗೆ ಅದು ತನ್ನದೇ ಗೆಲುವಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆ ಮನೆಯಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗನಿದ್ದ. ಅವನೂ ಜಾನಿಯ ಶಿಷ್ಯನೇ. ಬೆಳಿಗ್ಗೆ ಸೈಕಲ್ಲಿನಲ್ಲಿ ಹಾರ್ನ್ ಒತ್ತುತ್ತ ಬರುವ ಬ್ರೆಡ್ಡಿನ ಪೊದೇರ್, ಬಸ್ ಕಂಡಕ್ಟರನ ಸೀಟಿ, ಮೀನು ಮಾರುವ ಬಾಯಿಯ ಕೊಂಕಣಿ ಎಲ್ಲವೂ ಅವನ ಗಂಟಲಲ್ಲಿದ್ದವು. ಮೂರನೆಯ ದಿನ ನಮ್ಮನ್ನೂ ಬಿಡಲಿಲ್ಲ. ನಾವು ಕಣ್ಣು ಮುಚ್ಚಿ, ತಲೆ ವಾರೆ ಮಾಡಿ, ‘ಆಮೆನ್’ ಎಂದು ರಾಗ ಎಳೆಯುವುದನ್ನು ಹಾಗೆಯೇ ಮಾಡಿ ತೋರಿಸಿದ. ತಾಯಿ ಗದರಿಸಿದರು. ನಮಗೆ ನಗು ತಡೆಯಲಾಗಲಿಲ್ಲ.

ಆದರೆ ಒಂದು ದಿನ ಮಡಗಾಂವ್ ಮಾರುಕಟ್ಟೆಯಲ್ಲಿ ಅವರ ಜೊತೆ ನಡೆಯುತ್ತಿದ್ದಾಗ ಎದುರಿನಿಂದ ಅವನ ಶಾಲೆಯ ಹುಡುಗರು ಬಂದರು. ಅದೇ ಹೊತ್ತಿಗೆ ತಾಯಿ ಹಿಂದಿನಿಂದ, “ಏ ತಮ್ಮಾ, ಈ ಚೀಲ ಹಿಡಿ ಬಾರೋ” ಎಂದು ಕೂಗಿದರು. ಹುಡುಗ ತಿರುಗಲಿಲ್ಲ. ಮತ್ತೆ ಕೂಗಿದರು. ತನಗೂ ಆಕೆಗೂ ಸಂಬಂಧವೇ ಇಲ್ಲವೆಂಬಂತೆ ಅವನು ಒಂದು ಅಂಗಡಿಯ ಕಡೆ ಮುಖ ಮಾಡಿ ನಿಂತ. ತಾಯಿ ಏನೂ ಹೇಳದೆ ಎರಡೂ ಚೀಲಗಳನ್ನು ತಾವೇ ಎತ್ತಿಕೊಂಡರು.

ಸಂಜೆ ನಾವು ಅವನನ್ನು ಪಕ್ಕಕ್ಕೆ ಕರೆದು ಕೇಳಿದೆವು. “ಸಾಲ್ಯಾಗ ಎಲ್ಲಾರೂ ನನ್ನ ಮಾತ ಅಣಕಸ್ತಾರ್ರಿ ಬ್ರದರ್. ‘ಘಾಟಿ’ ಅಂತಾರ. ಅವ್ವ ಮಾತಾಡಿದ್ದ ಕೇಳಿದ್ರ ನಾಳೆ ಅದನ್ನೂ ಅಣಕಸ್ತಾರ” ಎಂದು ತಲೆ ತಗ್ಗಿಸಿದ. ಘಟ್ಟದಾಚೆಯಿಂದ ಬಂದವರು ಎಂಬ ಅರ್ಥದ ಆ ಮಾತನ್ನು ಗೋವೆಯಲ್ಲಿ ಬೈಗುಳವಾಗಿ ಬಳಸುವುದುಂಟು. ಎಲ್ಲರನ್ನೂ ಅನುಕರಿಸಿ ನಗಿಸುವ ಹುಡುಗ ತನ್ನನ್ನು ಅಣಕಿಸುವವರ ಭಯದಿಂದ ಹೆತ್ತ ತಾಯಿಯನ್ನೇ ಅರಿಯೆನೆಂದಿದ್ದ.

ನಮಗೆ ಆ ರಾತ್ರಿ ಸಂತ ಪೇತ್ರರ ನೆನಪಾಯಿತು. ಪ್ರಧಾನ ಯಾಜಕನ ಅಂಗಳದಲ್ಲಿ ಅವರನ್ನು ಗುರುತು ಹಿಡಿಸಿದ್ದು ಅವರ ಮಾತಿನ ಧಾಟಿ. ಗಲಿಲೇಯದವರ ಉಚ್ಚಾರಣೆ ಜೆರುಸಲೇಮಿನವರಿಗೆ ಬೇರೆಯಾಗಿ ಕೇಳುತ್ತಿತ್ತು. ಸಿಕ್ಕಿಬಿದ್ದ ಪೇತ್ರ ಆಣೆಯಿಟ್ಟು ತನ್ನ ಪ್ರಭುವನ್ನೇ ನಿರಾಕರಿಸಿದರು. ನಮ್ಮ ಹುಡುಗನದೂ ಅದೇ ಸೋಲು. ಆದರೆ ಅಂಗಳದಲ್ಲಿ ಬೆಂಕಿ ಕಾಯಿಸುತ್ತ ಕುಳಿತವರ ಪಾಪ ಯಾರ ಲೆಕ್ಕಕ್ಕೆ?

ಅಂದು ನಾವು ನಿದ್ರಿಸಲಾಗದೆ ಹೊರಳಾಡಿದ್ದಕ್ಕೆ ಬೇರೆ ಕಾರಣವೂ ಇತ್ತು. ಗುರುಮಠದಲ್ಲಿ ಮಿಮಿಕ್ರಿಯಲ್ಲಿ ನಾವೂ ಸ್ವಲ್ಪ ಹೆಸರು ಮಾಡಿದ್ದೆವು. ಹಳ್ಳಿಯಿಂದ ಬಂದ ಒಬ್ಬ ಸಹಪಾಠಿಗೆ ‘ಹ’ಕಾರ ‘ಅ’ಕಾರಗಳು ಅದಲುಬದಲಾಗುತ್ತಿದ್ದವು. ಊಟದ ಮನೆಯಲ್ಲಿ ಅವರ ಬೈಬಲ್ ವಾಚನವನ್ನು ನಾವು ಅಣಕಿಸಿದಾಗ ಇಡೀ ಮೇಜು ನಕ್ಕಿತು. ಅವರೂ ನಕ್ಕರು. ಆದರೆ ಅದಾದ ಮೇಲೆ ವಾಚನದ ಸರದಿ ಬಂದಾಗಲೆಲ್ಲ ಅವರಿಗೆ ಗಂಟಲು ನೋವು ಬರತೊಡಗಿತು. ಗಂಟಲ ನೋವಿಗೆ ಕಾರಣ ಯಾರೆಂದು ನಮಗೆ ತಿಳಿದಿತ್ತು, ತಿಳಿಯದವರಂತೆ ಇದ್ದೆವು.

ಹಾಗಾದರೆ ಅನುಕರಣೆಯೇ ತಪ್ಪೇ? ಅಲ್ಲ. ಮಗು ಮಾತು ಕಲಿಯುವುದೇ ತಾಯಿಯನ್ನು ಅನುಕರಿಸಿ. ತಾನು ಕ್ರಿಸ್ತರನ್ನು ಅನುಕರಿಸುವಂತೆ ನೀವೂ ನನ್ನನ್ನು ಅನುಕರಿಸಿ ಎಂಬುದು ಕೊರಿಂಥದವರಿಗೆ ಸಂತ ಪೌಲರ ಕರೆ. ನಗುವೂ ತಪ್ಪಲ್ಲ. ಸಾರಳ ಮುಪ್ಪಿನ ಮಗ ಇಸಾಕನ ಹೆಸರಿನಲ್ಲೇ ನಗುವಿದೆ. 2024ರ ಜೂನ್ 14ರಂದು ಜಗದ್ಗುರು ಪೋಪ್ ಫ್ರಾನ್ಸಿಸರು ಹಲವು ದೇಶಗಳ ನೂರಕ್ಕೂ ಹೆಚ್ಚು ಹಾಸ್ಯಗಾರರನ್ನು ವ್ಯಾಟಿಕನ್ನಿಗೆ ಕರೆಸಿ, ಪ್ರೀತಿಸುವವರೊಡನೆ ತಮಾಷೆ ಮಾಡುವಂತೆ ದೇವರೊಡನೆಯೂ ನಗಬಹುದು, ಆದರೆ ಭಕ್ತರ, ಅದರಲ್ಲೂ ಬಡವರ ಮನಸ್ಸು ನೋಯಿಸಬಾರದು ಎಂಬರ್ಥದ ಮಾತು ಹೇಳಿದರು.

ಮುಖವನ್ನು ರಬ್ಬರಿನಂತೆ ಹಿಗ್ಗಿಸುವ ಇನ್ನೊಬ್ಬರನ್ನು ನಮ್ಮ ಮಕ್ಕಳು ಪೋಗೋ ಚಾನೆಲ್ಲಿನಲ್ಲಿ ನೋಡಿ ಬೆಳೆದರು: ಮಿಸ್ಟರ್ ಬೀನ್, ಅಂದರೆ ರೋವನ್ ಆಟ್ಕಿನ್‌ಸನ್. 1990ರ ಜನವರಿ 1ರಂದು ಬ್ರಿಟನ್ನಿನಲ್ಲಿ ಪ್ರಸಾರವಾದ ಮೊದಲ ಕಂತಿನಲ್ಲೇ ಬೀನ್ ಚರ್ಚಿಗೆ ಹೋಗುತ್ತಾನೆ. ನಿದ್ದೆ ತೂಗುತ್ತಾನೆ, ಕದ್ದು ಮಿಠಾಯಿ ತಿನ್ನಲು ಹೆಣಗುತ್ತಾನೆ, ಹಾಡಿನ ಸಾಲುಗಳು ಗೊತ್ತಿಲ್ಲದೆ ‘ಅಲ್ಲೆಲೂಯ’ ಬಂದಾಗ ಮಾತ್ರ ಗಟ್ಟಿಯಾಗಿ ಹಾಡುತ್ತಾನೆ. ನಮ್ಮ ಭಾನುವಾರದ ಬಲಿಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ಇಂಥ ಎಷ್ಟು ಬೀನ್‌ಗಳಿಲ್ಲ! ಆ ದೃಶ್ಯ ಪೂಜೆಯನ್ನು ಹೀಗಳೆಯುವುದಿಲ್ಲ, ನಮ್ಮ ಪೇಚಾಟವನ್ನು ನಮಗೇ ತೋರಿಸುತ್ತದೆ.

ಇದಕ್ಕೆ ವಿರುದ್ಧವಾದ ನಗುವೂ ಇದೆ. ನಮ್ಮ ಸಿನಿಮಾ, ಟಿ.ವಿ.ಗಳು ದಕ್ಷಿಣದವರ ಹಿಂದಿ, ತೊದಲುವವರ ಮಾತು, ಕಪ್ಪು ಮೈಬಣ್ಣ, ದಪ್ಪ ದೇಹಗಳನ್ನು ಎಷ್ಟೋ ವರ್ಷ ನಗೆಯ ಸರಕಾಗಿ ಮಾರಿವೆ. ನಾವು ಮೆಚ್ಚಿದ ಕಾರ್ಯಕ್ರಮಗಳೂ ಇದರಿಂದ ಪೂರ್ತಿ ಹೊರತಲ್ಲ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೂಲಿಯೊಬ್ಬ ಮೇಲಧಿಕಾರಿಯನ್ನು ಅವರೆದುರೇ ಅನುಕರಿಸಿದರೆ ಇಬ್ಬರ ನಡುವಿನ ಗೋಡೆ ಸ್ವಲ್ಪ ತಗ್ಗುತ್ತದೆ. ಬಲವುಳ್ಳವನು ಬಲಹೀನನನ್ನು ಅಣಕಿಸಿದರೆ ಅದೇ ಗೋಡೆ ಇನ್ನಷ್ಟು ಏರುತ್ತದೆ. ಯೇಸುವಿಗೆ ಮುಳ್ಳಿನ ಕಿರೀಟ ತೊಡಿಸಿ, ಮೊಣಕಾಲೂರಿ ರಾಜನೆಂದು ನಮಿಸಿದ ಸೈನಿಕರೂ ಒಂದು ಅನುಕರಣೆಯನ್ನೇ ಮಾಡಿದರು. ಅದು ಲೋಕ ಕಂಡ ಅತಿ ಕ್ರೂರ ಅಣಕ.

ಆದರೆ ದೇವರ ಕೃಪೆ ಅಣಕವನ್ನೂ ತಿರುಗಿಸಬಲ್ಲದು. ನಟರ ಪಾಲಕರಾದ ಸಂತ ಜೆನೇಸಿಯುಸರ ಬಗ್ಗೆ ಧರ್ಮಸಭೆಯ ಪರಂಪರೆಯಲ್ಲಿ ಒಂದು ಕಥೆಯಿದೆ. ಅವರು ರೋಮಿನ ಹಾಸ್ಯನಟ. ಚಕ್ರವರ್ತಿ ಡಯೊಕ್ಲೀಷಿಯನ್ನನ ಮುಂದೆ ಕ್ರೈಸ್ತರ ಜ್ಞಾನಸ್ನಾನವನ್ನು ಗೇಲಿ ಮಾಡುವ ನಾಟಕವಾಡುತ್ತಿದ್ದಾಗ, ತಲೆಯ ಮೇಲೆ ನೀರು ಬಿದ್ದ ಗಳಿಗೆಯಲ್ಲಿ ಅವರಿಗೆ ನಿಜವಾಗಿಯೇ ವಿಶ್ವಾಸ ಮೂಡಿತಂತೆ. ಆಟ ನಿಲ್ಲಿಸಿ ತಾನು ಕ್ರೈಸ್ತನೆಂದು ಸಾರಿ ರಕ್ತಸಾಕ್ಷಿಯಾದರು. ಜಾನಿ ಲಿವರ್ ಕೂಡ ಮಗನ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡ ಸಂಕಟದ ದಿನಗಳಲ್ಲಿ ಪ್ರಾರ್ಥನೆಗೆ ತಿರುಗಿದ್ದನ್ನೂ, ಶಸ್ತ್ರಚಿಕಿತ್ಸೆಯ ನಂತರ ಮಗ ಗುಣವಾದದ್ದನ್ನೂ ಸಾರ್ವಜನಿಕವಾಗಿ ಸಾಕ್ಷಿ ಹೇಳಿದ್ದಾರೆ. ಲಕ್ಷಾಂತರ ಜನರನ್ನು ನಗಿಸಿದವರೂ ಮಗನ ಹಾಸಿಗೆಯ ಬಳಿ ಕೇವಲ ಒಬ್ಬ ತಂದೆಯೇ.

ನಾವು ಮೋತಿ ಡೊಂಗರ್ ಬಿಡುವ ಹಿಂದಿನ ಸಂಜೆ ಹೆಂಗಸರೆಲ್ಲ ಸೇರಿ ಹುಡುಗನಿಗೆ ಮಿಮಿಕ್ರಿ ಮಾಡಲು ಹೇಳಿದರು. ಪೊದೇರ್ ಬಂದ, ಕಂಡಕ್ಟರ್ ಬಂದ, ನಮ್ಮ ‘ಆಮೆನ್’ ಕೂಡ ಬಂತು. ಕೊನೆಗೆ “ನಿಮ್ಮವ್ವನ್ನ ಮಾಡೋ” ಎಂದು ಯಾರೋ ಕೂಗಿದರು. ಅವನು ಒಂದು ಕ್ಷಣ ಸುಮ್ಮನಾದ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, “ಏ ತಮ್ಮಾ, ಈ ಚೀಲ ಹಿಡಿ ಬಾರೋ!” ಎಂದ. ಅದೇ ಧ್ವನಿ, ಅದೇ ಎಳೆತ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತಾಯಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು, ಆಮೇಲೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾರುಕಟ್ಟೆಯ ವಿಷಯವನ್ನು ತಾಯಿಯಾಗಲಿ ಮಗನಾಗಲಿ ಎತ್ತಲಿಲ್ಲ. ಮರುದಿನ ನಮ್ಮನ್ನು ಕಳಿಸಲು ಬಂದಾಗ ಚೀಲ ಹುಡುಗನ ಕೈಯಲ್ಲಿತ್ತು.

ನಮ್ಮ ಸಹಪಾಠಿಯನ್ನು ಅವರ ಗುರುದೀಕ್ಷೆಯ ದಿನ ಕ್ಷಮೆ ಕೇಳಿದೆವು. “ಅದೆಲ್ಲ ನನಗೆ ನೆನಪಿಲ್ಲ” ಎಂದರು. ನೆನಪಿದೆಯೆಂದು ಅವರ ಮುಖ ಹೇಳುತ್ತಿತ್ತು. ಇಂದು ಅವರ ಪ್ರಬೋಧನೆ ಕೇಳಲು ಜನ ದೂರದಿಂದ ಬರುತ್ತಾರೆ. ‘ಹ’ಕಾರ ಈಗಲೂ ಅದಲುಬದಲಾಗುತ್ತದೆ.

ಪ್ರಿಯ ತಂದೆತಾಯಿಗಳೇ, ಮಕ್ಕಳು ಯಾರನ್ನಾದರೂ ಅಣಕಿಸುವುದನ್ನು ಕಂಡರೆ ಥಟ್ಟನೆ ಹೊಡೆಯಬೇಡಿ, ಜೊತೆಗೂಡಿ ನಗಲೂ ಬೇಡಿ. ಒಂದೇ ಪ್ರಶ್ನೆ ಕೇಳಿ: “ಅವರು ಇಲ್ಲಿ ಕುಳಿತಿದ್ದರೆ ನಮ್ಮ ಜೊತೆ ನಗುತ್ತಿದ್ದರೇ?” ನಿಮ್ಮ ಮಗು ಹೊರಗೆ ನಿಮ್ಮ ಭಾಷೆಯಲ್ಲಿ ಮಾತಾಡಲು ಹಿಂಜರಿದರೆ ಬೈಯುವ ಮೊದಲು, ಯಾರು ಅಣಕಿಸಿದರೆಂದು ವಿಚಾರಿಸಿ. ವಾರಕ್ಕೆ ಒಂದು ಸಂಜೆಯಾದರೂ ಜಪಸರದ ನಂತರ ಮೊಬೈಲ್ ಬದಿಗಿಟ್ಟು ಎಲ್ಲರೂ ಕೂಡಿ ನಗಿರಿ. ಯಾರೂ ತಲೆ ತಗ್ಗಿಸಬೇಕಾಗದ ನಗು ನಿಮ್ಮ ಮನೆಯಲ್ಲಿ ಕೇಳಿಬರಲಿ. ಅದನ್ನು ಕೇಳಿ ಪ್ರಭುವೂ ನಿಮ್ಮ ನಡುವೆ ಕುಳಿತು ನಗಲಿ.