ಊರ ಶಾಲೆಗೆ ಹೊರನಾಡಿನ ಕೈಗಳು

ಗಂಗಾವತಿ ತಾಲ್ಲೂಕಿನ ಹೇಮಗುಡ್ಡ ಕಲ್ಲುಬಂಡೆಗಳ ನಡುವಿನ ಊರು. ಕುಮ್ಮಟದುರ್ಗದ ಕಂಪಿಲರಾಯ, ಕುಮಾರರಾಮರ ಕಾಲವನ್ನು ನೆನಪಿಗೆ ತರುವ ಕೋಟೆ, ದುರ್ಗಾದೇವಿಯ ಗುಡಿ, ದಸರೆಯ ಮೆರವಣಿಗೆ ಇವುಗಳಿಂದ ಈ ಊರಿನ ಹೆಸರು ಸುತ್ತಲಿನ ಸೀಮೆಯಲ್ಲಿ ಪರಿಚಿತವಾಗಿದೆ. ಹೊರನಾಡಿನ ಪ್ರವಾಸಿಗಳು ಇಲ್ಲಿಗೆ ಬರುವುದು ಅಪರೂಪ. ಅವರ ದಾರಿ ಹಂಪಿಯಿಂದ ತುಂಗಭದ್ರೆಯನ್ನು ದಾಟಿ ಆನೆಗೊಂದಿಗೆ ಮುಗಿಯುತ್ತದೆ. ಹಾಗೆ ಬರುವವರಲ್ಲಿ, ಗದ್ದೆಯ ಬದುವಿನ ಮೇಲೆ ಪಾಟೀಚೀಲ ಹೊತ್ತು ನಡೆಯುವ ಮಕ್ಕಳನ್ನು ಕಂಡು, ಈ ಊರುಗಳ ಶಾಲೆಗೆ ತಮ್ಮಿಂದ ಏನಾದರೂ ಆಗಬೇಕೆಂದು ಬಯಸುವವರು ಇಲ್ಲದಿಲ್ಲ. ಕೆಲವರು ಹಣ ಕೊಡಲು ಇಚ್ಛಿಸುತ್ತಾರೆ. ಮತ್ತೆ ಕೆಲವರಿಗೆ ಹಣ ಕೊಟ್ಟರೆ ತೃಪ್ತಿಯಿಲ್ಲ. ತಂಡ ಕಟ್ಟಿಕೊಂಡು ಬಂದು, ಬುಟ್ಟಿ ಹೊತ್ತು, ಗೋಡೆ ಕಟ್ಟಿಯೇ ಹೋಗಬೇಕೆಂಬ ಆಸೆ.

ಈ ಆಸೆ ಇಂದು ಜಗತ್ತಿನಲ್ಲಿ ಒಂದು ವ್ಯವಹಾರವಾಗಿಯೂ ಬೆಳೆದಿದೆ. ಯುರೋಪು, ಅಮೆರಿಕಗಳ ಯುವಕರನ್ನು ಶುಲ್ಕ ಪಡೆದು ಏಷ್ಯಾ, ಆಫ್ರಿಕಗಳ ಹಳ್ಳಿಗಳಿಗೆ ಕರೆದೊಯ್ದು, ಎರಡು ವಾರ ಶಾಲೆ ಕಟ್ಟುವ ಕೆಲಸದಲ್ಲಿ ತೊಡಗಿಸಿ ಹಿಂದಕ್ಕೆ ಕಳುಹಿಸುವ ಸಂಸ್ಥೆಗಳು ಹಲವಿವೆ. ದುಡಿಯುವವನೇ ಕೂಲಿ ತೆತ್ತು ದುಡಿಯುವ ವ್ಯಾಪಾರ ಬೇರೆಲ್ಲೂ ಕಾಣಸಿಗಲಾರದು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇಕಡ 68ರಷ್ಟಿದ್ದರೆ ರಾಜ್ಯದ ಸರಾಸರಿ ಶೇಕಡ 75ನ್ನು ದಾಟಿತ್ತು. ಇಂಥ ಜಿಲ್ಲೆಗೆ ಯಾವ ದಿಕ್ಕಿನಿಂದ ಸಹಾಯ ಬಂದರೂ ಬೇಡವೆನ್ನುವ ಸ್ಥಿತಿಯಿಲ್ಲ. ಆದರೆ ಸಹಾಯವನ್ನೂ ತೂಗಿ ನೋಡುವುದು ವರ್ತಕರ ಸ್ವಭಾವ. ತೂಗಿ ನೋಡುವುದರಲ್ಲಿ ಅಗೌರವವೇನೂ ಇಲ್ಲ.

ಲೆಕ್ಕದ ಪುಸ್ತಕದಲ್ಲಿ

ಹದಿನೈದು ಮಂದಿಯ ತಂಡವೊಂದು ಎರಡು ವಾರಗಳಿಗಾಗಿ ಬರುತ್ತದೆಂದು ಭಾವಿಸೋಣ. ವಿಮಾನದಲ್ಲಿ ಬಂದುಹೋಗಲು ತಲಾ 60,000 ರೂಪಾಯಿ, ಊಟ, ವಸತಿ, ಒಳನಾಡಿನ ಪ್ರಯಾಣಕ್ಕೆ ತಲಾ 25,000 ರೂಪಾಯಿ ಎಂದು ಹಿಡಿದರೆ ಒಟ್ಟು 12,75,000 ರೂಪಾಯಿ. ಗೌಂಡಿಯ ದಿನಗೂಲಿ 900, ಅವನ ಕೈಯಾಳಿನದು 600 ಎಂದಿಟ್ಟುಕೊಂಡರೆ ಒಂದು ಜೋಡಿಗೆ ದಿನಕ್ಕೆ 1,500. ತಂಡದ ಖರ್ಚಿನಲ್ಲಿ ಇಂಥ ಜೋಡಿಯೊಂದು 850 ದಿನ, ನಾಲ್ಕು ಜೋಡಿಗಳಾದರೆ ಏಳು ತಿಂಗಳು ದುಡಿಯಬಹುದು. ಇವು ಲೆಕ್ಕಕ್ಕಾಗಿ ಹಿಡಿದ ದರಗಳು. ಓದುಗರು ತಮ್ಮೂರಿನ ದರಗಳನ್ನು ಹಾಕಿಕೊಂಡು ನೋಡಬಹುದು. ಅಂಕಿ ಬದಲಾದೀತು, ತಕ್ಕಡಿ ಯಾವ ಕಡೆಗೆ ವಾಲುತ್ತದೆಂಬುದು ಬದಲಾಗದು.

ಕಟ್ಟಡದ ಕೆಲಸಕ್ಕೆ ತನ್ನದೇ ಆದ ಪಂಚಾಂಗವೂ ಉಂಟು. ಪಾಯ ತೋಡಿ, ಕಲ್ಲು ಕಟ್ಟಿ, ಪ್ಲಿಂತ್ ಎತ್ತರಕ್ಕೆ ಬಂದು, ಗೋಡೆ ಏರಿಸಿ, ಸೆಂಟ್ರಿಂಗ್ ಹೊಡೆದು, ಕಬ್ಬಿಣ ಹೆಣೆದು, ಸ್ಲ್ಯಾಬ್ ಹಾಕುವವರೆಗೆ ತಿಂಗಳುಗಳೇ ಹಿಡಿಯುತ್ತವೆ. ಆರು ಮೀಟರಿಗಿಂತ ಉದ್ದವಾದ ಕಾಂಕ್ರೀಟ್ ತೊಲೆಯ ಕೆಳಗಿನ ಆಧಾರಗಳನ್ನು 21 ದಿನಗಳ ಒಳಗೆ ತೆಗೆಯಬಾರದೆಂಬುದು ಭಾರತೀಯ ಮಾನಕದ ನಿಯಮ. ಗಂಗಾವತಿ, ಕುಷ್ಟಗಿಗಳ ಬಿಸಿಲಿನಲ್ಲಿ ಹೊಸ ಕಾಂಕ್ರೀಟಿಗೆ ಹೊತ್ತುಹೊತ್ತಿಗೆ ನೀರು ಹೊಡೆಯದಿದ್ದರೆ ಬಿರುಕು ಖಂಡಿತ. ಎರಡು ವಾರದ ಅತಿಥಿಗಳು ಸ್ಲ್ಯಾಬ್ ಹಾಕುವ ದಿನ ಹುರುಪಿನಿಂದ ಬಾಂಡ್ಲಿ ಸಾಗಿಸಿಯಾರು. ಸೆಂಟ್ರಿಂಗ್ ಬಿಚ್ಚುವ ಹೊತ್ತಿಗೆ ಅವರು ತಮ್ಮ ದೇಶದಲ್ಲಿರುತ್ತಾರೆ. ನೀರು ಹೊಡೆಯಬೇಕಾದವನು ಊರಿನವನೇ. ಹೀಗಾಗಿ ತಂಡಗಳಿಗೆ ದೊರೆಯುವ ಕೆಲಸವೆಂದರೆ ಆರಂಭದಲ್ಲಿ ಪಾಯದ ಮಣ್ಣು, ಕೊನೆಯಲ್ಲಿ ಗೋಡೆಗೆ ಬಣ್ಣ. ನಡುವಣ ಭಾಗ, ಅಂದರೆ ಕಟ್ಟಡವೆನಿಸಿಕೊಳ್ಳುವ ಭಾಗ, ಗೌಂಡಿಯದು.

ಇಷ್ಟಕ್ಕೇ ಲೆಕ್ಕವನ್ನು ಮುಚ್ಚಿದರೆ ಅದು ಅರೆಲೆಕ್ಕವಾಗುತ್ತದೆ. ವಿಮಾನದ ಟಿಕೇಟಿಗೆ ಹೋದ ಹಣ ಅವರು ಬಾರದಿದ್ದರೆ ಈ ಊರಿಗೆ ಬರುತ್ತಿತ್ತೇ? ಬಹುಮಟ್ಟಿಗೆ ಇಲ್ಲ. ಕಣ್ಣಾರೆ ಕಂಡ ಊರಿಗೆ, ಬೆವರು ಸುರಿಸಿದ ನೆಲಕ್ಕೆ ಮನುಷ್ಯ ಮತ್ತೆ ಮತ್ತೆ ಕೊಡುತ್ತಾನೆ. ನಕ್ಷೆಯಲ್ಲಿ ಕಂಡ ಊರಿಗೆ ಒಮ್ಮೆ ಕೊಟ್ಟು ಮರೆಯುತ್ತಾನೆ. ಹಣಕ್ಕೆ ದೊರೆಯದ ಇನ್ನೊಂದು ಸಂಗತಿಯೂ ಇಂಥ ತಂಡಗಳಿಂದ ಹಿಂದೊಮ್ಮೆ ಈ ದೇಶಕ್ಕೆ ಬಂದಿತ್ತು.

ಬಿಹಾರದಲ್ಲಿ ಒಬ್ಬ ಎಂಜಿನಿಯರ್

ಪಿಯೇರ್ ಸೆರೆಸೋಲ್ ಸ್ವಿಟ್ಜರ್ಲೆಂಡಿನವರು, ವೃತ್ತಿಯಿಂದ ಎಂಜಿನಿಯರ್, ಆ ದೇಶದ ಅಧ್ಯಕ್ಷರಾಗಿದ್ದವರೊಬ್ಬರ ಮಗ. ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ, ಫ್ರಾನ್ಸಿನ ವರ್ಡನ್ ಸಮೀಪದ ಎನ್ ಎಂಬ ಹಳ್ಳಿಯನ್ನು ಮತ್ತೆ ಕಟ್ಟಲು 1920ರ ನವೆಂಬರಿನಲ್ಲಿ ಅವರು ಒಂದು ಪುಟ್ಟ ತಂಡದೊಡನೆ ಹೊರಟರು. ತಂಡದಲ್ಲಿ ಜರ್ಮನರೂ ಇದ್ದರು. ಶತ್ರುವಾಗಿದ್ದವನೇ ಬಂದು ಮನೆ ಕಟ್ಟಿಕೊಡಬೇಕೆಂಬುದು ಅವರ ಸಂಕಲ್ಪ. ಕೆಲಸ ನಡೆಯಿತು, ಆದರೆ ಜರ್ಮನರ ಇರವನ್ನು ಅಲ್ಲಿನ ಅಧಿಕಾರಸ್ಥರು ಸಹಿಸಲಿಲ್ಲ. ಐದು ತಿಂಗಳಲ್ಲಿ, 1921ರ ವಸಂತದಲ್ಲಿ, ತಂಡ ಗಂಟುಮೂಟೆ ಕಟ್ಟಬೇಕಾಯಿತು. ಇಂದು ‘ಸರ್ವೀಸ್ ಸಿವಿಲ್ ಇಂಟರ್‌ನ್ಯಾಷನಲ್’ ಎಂದು ಹೆಸರಾಗಿರುವ ಸಂಸ್ಥೆ ತನ್ನ ಮೂಲವನ್ನು ಗುರುತಿಸುವುದು ಈ ವಿಫಲ ಶಿಬಿರದಲ್ಲಿಯೇ. ಊರಿನವರ ಒಪ್ಪಿಗೆಯಿಲ್ಲದ ಸೇವೆ ಎಷ್ಟೇ ಪವಿತ್ರವಾದರೂ ನಿಲ್ಲದು ಎಂಬುದನ್ನು ಸೆರೆಸೋಲರು ಅಲ್ಲಿ ಕಲಿತಿರಬೇಕು.

1934ರ ಜನವರಿ 15ರಂದು ಬಿಹಾರದಲ್ಲಿ ಭಾರೀ ಭೂಕಂಪವಾಯಿತು. ಪರಿಹಾರ ಕಾರ್ಯದ ಮುಂದಾಳುತನವನ್ನು ಬಾಬು ರಾಜೇಂದ್ರಪ್ರಸಾದರು ವಹಿಸಿದ್ದರು. ಸೆರೆಸೋಲರು ಅದೇ ವರ್ಷ ಭಾರತಕ್ಕೆ ಬಂದರು. ಕೆಲಸಕ್ಕೆ ಕೈಹಾಕುವ ಮೊದಲು ರಾಜೇಂದ್ರಪ್ರಸಾದರನ್ನು, ಗಾಂಧೀಜಿಯವರನ್ನು ಕಂಡರು, ಅಧಿಕಾರಿಗಳೊಡನೆ ಮಾತನಾಡಿದರು. ಆಮೇಲೆ ಕೆಲವೇ ಸಂಗಡಿಗರನ್ನು ಕರೆಸಿಕೊಂಡರು. 1937ರವರೆಗೆ, ನೆರೆಗೆ ಸಿಕ್ಕುತ್ತಿದ್ದ ಹಳ್ಳಿಗಳನ್ನು ಹೊಸ ನೆಲೆಗೆ ಸರಿಸಿ ಕಟ್ಟುವ ಕೆಲಸದಲ್ಲಿ ಅವರು ಊರಿನವರ ಜತೆ ದುಡಿದರು. ತಂಡ ಕೈಬೆರಳಲ್ಲಿ ಎಣಿಸುವಷ್ಟು ಚಿಕ್ಕದು, ಅವಧಿ ವರ್ಷಗಳದ್ದು. ಇಂದಿನ ತಂಡಗಳ ರೀತಿ ಇದಕ್ಕೆ ನೇರ ವಿರುದ್ಧವಾದದ್ದು: ಜನ ಹೆಚ್ಚು, ದಿನ ಕಡಿಮೆ.

ಆ ಕಾಲವನ್ನು ಮರೆಯಬಾರದು. ಆಳುವವರ ಬಣ್ಣದ ಮನುಷ್ಯನೊಬ್ಬ ಬಿಹಾರದ ರೈತನ ಪಕ್ಕದಲ್ಲಿ ನಿಂತು ಮಣ್ಣು ಕೆಲಸ ಮಾಡುವುದೆಂದರೆ ಅದಕ್ಕೆ ಕೂಲಿಯ ಲೆಕ್ಕದಲ್ಲಿ ಬೆಲೆ ಕಟ್ಟಲಾಗದು. ಆ ಸಮಾನತೆಯ ಪಾಠ ಎಷ್ಟು ಹಣವನ್ನು ಕಳುಹಿಸಿದ್ದರೂ ಬರುತ್ತಿರಲಿಲ್ಲ. ಸೆರೆಸೋಲರು ತಂದ ಎರಡನೆಯ ವಸ್ತು ಎಂಜಿನಿಯರಿಂಗ್ ವಿದ್ಯೆ. ಅಲ್ಲಿ ಅದಕ್ಕೆ ಕೊರತೆಯಿತ್ತು. ಮಣ್ಣು ಹೊರುವವರಿಗೆ ಕೊರತೆಯಿರಲಿಲ್ಲ.

ನೆರೆಯಲ್ಲಿಯೇ ಇರುವ ನಿದರ್ಶನಗಳು

ಬಳ್ಳಾರಿಯ ಗಡಿಗೆ ಹೊಂದಿಕೊಂಡ, ಕನ್ನಡ ಮಾತನಾಡುವ ಊರುಗಳೂ ಇರುವ ಅನಂತಪುರ ಸೀಮೆಗೆ ಸ್ಪೇನಿನ ವಿನ್ಸೆಂಟ್ ಫೆರರ್ 1969ರಲ್ಲಿ ಬಂದು ನೆಲೆಸಿದರು; 2009ರಲ್ಲಿ ಅಲ್ಲಿಯೇ ಕಾಲವಾದರು. ಅವರು ಕಟ್ಟಿದ ಗ್ರಾಮೀಣ ಅಭಿವೃದ್ಧಿ ಸಂಸ್ಥೆಗೆ ಹಣವು ಹೆಚ್ಚಾಗಿ ಸ್ಪೇನಿನ ಸಾಮಾನ್ಯ ಕುಟುಂಬಗಳಿಂದ ಬಂದಿತು. ಶಾಲೆ, ಆಸ್ಪತ್ರೆ, ಮನೆಗಳ ಕೆಲಸವನ್ನು ನಡೆಸಿದ ಸಿಬ್ಬಂದಿ ಬಹುಪಾಲು ಅದೇ ಸೀಮೆಯವರು. ನಾಲ್ವತ್ತು ವರ್ಷ ಒಂದೇ ಬರಗಾಲದ ಜಿಲ್ಲೆಯಲ್ಲಿ ಕುಳಿತ ವಿದೇಶೀಯನನ್ನು ಇನ್ನು ವಿದೇಶೀಯನೆನ್ನಬೇಕೇ ಎಂಬುದೂ ಪ್ರಶ್ನೆಯೇ.

ಹೇಮಗುಡ್ಡದ ತಾಲ್ಲೂಕಿನಲ್ಲಿಯೇ ಇರುವ ಆನೆಗೊಂದಿಯಲ್ಲಿ ಶಮಾ ಪವಾರ್ ಅವರು 1997ರಲ್ಲಿ ಕಿಷ್ಕಿಂಧಾ ಟ್ರಸ್ಟನ್ನು ಆರಂಭಿಸಿದರು. ಬಾಳೆಯ ದಿಂಡಿನ ನಾರಿನಿಂದ ಚೀಲ, ಚಾಪೆ, ಬುಟ್ಟಿ ಹೆಣೆಯುವ ಕೌಶಲವನ್ನು ಊರಿನ ಹೆಂಗಸರು ಅಲ್ಲಿ ಕಲಿತರು. ಗೊನೆ ಕಡಿದ ಮೇಲೆ ಬಿಸಾಡುತ್ತಿದ್ದ ದಿಂಡು ಕಚ್ಚಾಮಾಲಾಯಿತು. ಹೊರಗಿನಿಂದ ಬಂದದ್ದು ವಿನ್ಯಾಸ ಮತ್ತು ಮಾರುಕಟ್ಟೆಯ ಪರಿಚಯ. ಇದು ಶಾಲೆಯ ಕಟ್ಟಡವಲ್ಲದಿರಬಹುದು. ಆದರೆ ತಾಯಿಯ ಕೈಗೆ ದುಡಿಮೆ ಬಂದ ಮನೆಯ ಮಗು ಶಾಲೆ ಬಿಡುವುದು ಕಡಿಮೆ ಎಂಬುದನ್ನು ಯಾವ ಮುಖ್ಯೋಪಾಧ್ಯಾಯರಾದರೂ ಹೇಳುತ್ತಾರೆ.

ಹೊರನಾಡಿನ ಹಣವನ್ನೋ ತಂಡವನ್ನೋ ಬರಮಾಡಿಕೊಳ್ಳಲು ಮನಸ್ಸು ಮಾಡುವ ವರ್ತಕ ಸಂಘಗಳು ಕಾನೂನಿನ ಕೆಲವು ಅಂಶಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿಯನ್ನಾಗಲೀ ಪೂರ್ವಾನುಮತಿಯನ್ನಾಗಲೀ ಪಡೆಯದ ಸಂಘವು ವಿದೇಶೀಯರಿಂದ ವಂತಿಗೆ ಸ್ವೀಕರಿಸುವಂತಿಲ್ಲ. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ಬಂದು ಸೇರಬೇಕಾದದ್ದು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ವರ್ಗಾಯಿಸುವುದಕ್ಕೂ ಅವಕಾಶವಿಲ್ಲ. ಆಡಳಿತ ವೆಚ್ಚ ಶೇಕಡ 20ನ್ನು ಮೀರಬಾರದು. ಪ್ರವಾಸಿ ವೀಸಾದ ಮೇಲೆ ಬಂದವರು ಸಂಭಾವನೆಯಿಲ್ಲದ ಸ್ವಯಂಸೇವೆಯನ್ನು ಹೆಚ್ಚೆಂದರೆ ಒಂದು ತಿಂಗಳು ಮಾಡಬಹುದು. ಸರ್ಕಾರಿ ಶಾಲೆಯ ಆವರಣದಲ್ಲಿ ಒಂದು ಇಟ್ಟಿಗೆ ಇಡಬೇಕಾದರೂ ಇಲಾಖೆಯ ಒಪ್ಪಿಗೆ ಬೇಕು. ಜತೆಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಬಿಟ್ಟು ಯಾರೂ ಮುಂದುವರಿಯಬಾರದು. 2001ರ ಸರ್ಕಾರಿ ಆದೇಶದಿಂದ ರೂಪುಗೊಂಡ ಈ ಸಮಿತಿಗಳಲ್ಲಿ ಮಕ್ಕಳ ತಂದೆತಾಯಿಗಳೇ ಪ್ರಧಾನರು. ಕಟ್ಟಡದ ಬೀಗದಕೈ ಕೊನೆಗೆ ಉಳಿಯುವುದು ಅವರ ಬಳಿಯಲ್ಲಿ.

ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ನಿಯಮ 2014ರ ಏಪ್ರಿಲಿನಿಂದ ಜಾರಿಗೆ ಬಂದರೂ ಅದು ತಟ್ಟುವುದು ದೊಡ್ಡ ಕಂಪನಿಗಳಿಗೆ. ಗಂಗಾವತಿಯ ಅಕ್ಕಿ ಗಿರಣಿಗಾರರಲ್ಲಿ, ಭಾಗ್ಯನಗರದ ನೇಕಾರಿಕೆ ಮತ್ತು ಕೂದಲು ಉದ್ಯಮದವರಲ್ಲಿ ಬಹುಮಂದಿ ಆ ಮಿತಿಯೊಳಗೆ ಬರುವುದಿಲ್ಲ. ಅವರು ಕೊಡುವುದು ಕಾಯಿದೆಗಾಗಿ ಅಲ್ಲ. ಅವರಲ್ಲಿರುವ ಅನುಕೂಲಗಳು ಸಾಗರದಾಚೆಯ ಯಾವ ತಂಡಕ್ಕೂ ಇಲ್ಲ. ಸಿಮೆಂಟು, ಕಬ್ಬಿಣಗಳ ವ್ಯಾಪಾರಿ ಶಾಲೆಗೆ ಬೇಕಾದ ಮಾಲನ್ನು ತನ್ನ ಖರೀದಿ ದರಕ್ಕೆ ಬಿಟ್ಟುಕೊಡಬಲ್ಲ. ಕುಷ್ಟಗಿ ಕಡೆಯ ಗ್ರಾನೈಟ್ ಗಣಿಯವರು ಮಾರಾಟಕ್ಕೆ ಒದಗದ ತುಂಡುಗಳನ್ನು ನೆಲಹಾಸಿಗೆ ಕೊಡಬಲ್ಲರು. ಗಿರಣಿಯ ಗುಮಾಸ್ತ ತಿಂಗಳಿಗೊಂದು ಸಂಜೆ ಕುಳಿತು ಸಮಿತಿಯ ಜಮಾಖರ್ಚನ್ನು ಬರೆದುಕೊಡಬಲ್ಲ; ಅನೇಕ ಒಳ್ಳೆಯ ಕೆಲಸಗಳು ಕೆಡುವುದು ಹಣವಿಲ್ಲದೆ ಅಲ್ಲ, ಲೆಕ್ಕವಿಲ್ಲದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೂರನೆಯ ಮಳೆಗಾಲದಲ್ಲಿ ಸೋರುವ ಮಾಳಿಗೆಗೆ, ಕೆಟ್ಟ ಮೋಟಾರಿಗೆ, ಹೆಣ್ಣುಮಕ್ಕಳ ಶೌಚಾಲಯದ ಮುರಿದ ಬಾಗಿಲಿಗೆ ಯಾವ ದಾನಿಯ ಹೆಸರೂ ಕೆತ್ತಲ್ಪಡುವುದಿಲ್ಲ. ಆ ಖರ್ಚಿಗೆ ಕೂಗಳತೆಯಲ್ಲಿರುವವರೇ ಬೇಕು.

ಹೊರಗಿನವರು ಒಂದು ಗೋಡೆಯನ್ನೂ ಕಟ್ಟದೆ ಶಾಲೆಗೆ ಕಾರಣರಾದ ಪ್ರಸಂಗ ಮಂಗಳೂರಿನದು. ಹರೇಕಳ ಹಾಜಬ್ಬ ಅಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶಿ ದಂಪತಿಗಳು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದೆ ನಾಚಿದರು. ತಮ್ಮ ಊರಿನ ಮಕ್ಕಳಿಗೆ ಈ ಗತಿ ಬರಬಾರದೆಂದು ನ್ಯೂಪಡ್ಪುವಿನಲ್ಲಿ ಶಾಲೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದರು, ದಿನದ ಗಳಿಕೆಯಲ್ಲಿ ಉಳಿಸಿದರು. 2000ದ ಸುಮಾರಿಗೆ 28 ಮಕ್ಕಳೊಡನೆ ಆರಂಭವಾದ ಶಾಲೆ ಮುಂದೆ ಪ್ರೌಢಶಾಲೆಯವರೆಗೆ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಆ ದಂಪತಿಗಳಿಗೆ ತಾವು ಮಾಡಿದ ಉಪಕಾರ ಬಹುಶಃ ಇಂದಿಗೂ ತಿಳಿದಿರಲಾರದು.

ಕೊಪ್ಪಳ ತಾಲ್ಲೂಕಿನ ಕುಣಿಕೇರಿಯಲ್ಲಿ ಹುಚ್ಚಮ್ಮ ಚೌದ್ರಿ ಎಂಬ ತಾಯಿ ಇದ್ದಾರೆ. ಪತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊರಿಗೆ ಶಾಲೆ ಬೇಕಾದಾಗ ತಮ್ಮ ಪಾಲಿನ ಎರಡು ಎಕರೆ ಹೊಲವನ್ನು, ಮೊದಲು ಕಟ್ಟಡಕ್ಕೆ, ಆಮೇಲೆ ಆಟದ ಬಯಲಿಗೆ ಎಂದು ಬಿಟ್ಟುಕೊಟ್ಟರು. ಕೊಪ್ಪಳದ ಸುತ್ತ ಕಾರ್ಖಾನೆಗಳು ಬಂದು ನೆಲದ ಬೆಲೆ ಏರಿದಾಗಲೂ ಆ ಬಗ್ಗೆ ಹಳಹಳಿಸಲಿಲ್ಲ. ಶಾಲೆ ನಡೆಯತೊಡಗಿದ ಮೇಲೆ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರಾಗಿ ಸೇರಿದರು. 2023ರಲ್ಲಿ ರಾಜ್ಯ ಸರ್ಕಾರ ಅವರಿಗೆ ರಾಜ್ಯೋತ್ಸವ ಪ್ರಶಸ್ತಿಯನ್ನು ನೀಡಿತು. ತಾವು ಕೊಟ್ಟ ಹೊಲದಲ್ಲಿ ನಿಂತ ಶಾಲೆಯ ಅಡುಗೆಮನೆಯಲ್ಲಿ ಅವರು ವರ್ಷಗಟ್ಟಲೆ ಮಕ್ಕಳಿಗೆ ಅನ್ನ ಬಡಿಸಿದ್ದಾರೆ.