ಮಂಗಳದ ಮಣ್ಣಿನಲ್ಲಿ ಜೀವದ ಶೋಧ

ಸೌರವ್ಯೂಹದ ಗ್ರಹಗಳ ಪೈಕಿ, ಜೀವವಿರಬಹುದೆಂಬ ಊಹೆಗೆ ಹಿಂದಿನಿಂದಲೂ ಹೆಚ್ಚಾಗಿ ಪಾತ್ರವಾಗಿರುವುದು ಮಂಗಳ. ಇದಕ್ಕೆ ಕಾರಣಗಳಿಲ್ಲದೆ ಇಲ್ಲ. ಮಂಗಳವು ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು 24 ಗಂಟೆ 37 ನಿಮಿಷ ಹಿಡಿಯುತ್ತದೆ. ಅಕ್ಷದ ಓಲುವೆ ಸುಮಾರು 25 ಅಂಶ. ಆದುದರಿಂದ ಅಲ್ಲಿಯೂ ಭೂಮಿಯಲ್ಲಿರುವಂತೆಯೇ ಹಗಲಿರುಳುಗಳುಂಟು, ಋತುಗಳುಂಟು. ಧ್ರುವಪ್ರದೇಶದ ಬಿಳಿಯ ಹೊದಿಕೆ ಚಳಿಗಾಲದಲ್ಲಿ ಹಬ್ಬಿ ಬೇಸಗೆಯಲ್ಲಿ ಕುಗ್ಗುವುದು ದೂರದರ್ಶಕದಲ್ಲಿ ಕಾಣುತ್ತದೆ. ಇಷ್ಟು ಸಾಮ್ಯವಿರುವ ಗ್ರಹದಲ್ಲಿ ಜೀವವೂ ಏಕಿರಬಾರದು ಎಂಬ ಪ್ರಶ್ನೆ ಸಹಜವಾದುದು.

ಮಂಗಳದ ಅನ್ವೇಷಣೆಯ ಸಮಗ್ರ ಚರಿತ್ರೆಯನ್ನು ಬರೆಯುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಆ ಗ್ರಹದ ಮಣ್ಣನ್ನು ಜೀವಕ್ಕಾಗಿ ನೇರವಾಗಿ ಪರೀಕ್ಷಿಸಿದ 1976ರ ವೈಕಿಂಗ್ ಪ್ರಯೋಗಗಳನ್ನು ಮುಖ್ಯವಾಗಿ ಎತ್ತಿಕೊಂಡು, ಅವುಗಳಿಂದ ದೊರೆತ ಉತ್ತರವೆಂಥದು, ಅದರ ಅರ್ಥವನ್ನು ತಿಳಿಯಲು ಮೂವತ್ತು ವರ್ಷಗಳಿಗೂ ಮೀರಿದ ಕಾಲ ಏಕೆ ಬೇಕಾಯಿತು ಎಂಬುದನ್ನು ವಿಚಾರಮಾಡುತ್ತೇವೆ. ಜೀವವನ್ನು ಗುರುತಿಸಬೇಕಾದರೆ ನಿರ್ಜೀವ ವಸ್ತು ಏನೇನು ಮಾಡಬಲ್ಲದೆಂಬುದನ್ನು ಮೊದಲು ತಿಳಿದಿರಬೇಕು ಎಂಬುದೇ ಈ ವಿಚಾರದ ತಿರುಳು.

ದೂರದಿಂದ ದೊರೆತ ಸಾಕ್ಷ್ಯ

1877ರಲ್ಲಿ ಇಟಲಿಯ ಖಗೋಳಜ್ಞರಾದ ಸ್ಕಿಯಾಪರೆಲ್ಲಿಯವರು ಮಂಗಳದ ಮೇಲೆ ನೀಳವಾದ ಗೆರೆಗಳನ್ನು ಗುರುತಿಸಿದರು. ಅವರು ಬಳಸಿದ ಇಟಾಲಿಯನ್ ಪದಕ್ಕೆ ಸಹಜವಾದ ಕಾಲುವೆ, ಅಗೆದ ಕಾಲುವೆ ಎಂಬ ಎರಡು ಅರ್ಥಗಳೂ ಸಲ್ಲುತ್ತವೆ. ಇಂಗ್ಲಿಷಿನಲ್ಲಿ ಎರಡನೆಯದೇ ಪ್ರಚಾರಕ್ಕೆ ಬಂದಿತು. ಅಮೆರಿಕದ ಪರ್ಸಿವಲ್ ಲೋವೆಲ್ ಅವರು 1894ರಲ್ಲಿ ಅರಿಜೋನಾ ಪ್ರಾಂತದಲ್ಲಿ ವೀಕ್ಷಣಾಲಯವೊಂದನ್ನು ಕಟ್ಟಿಸಿ, ಒಣಗುತ್ತಿರುವ ಗ್ರಹಕ್ಕೆ ಧ್ರುವಗಳಿಂದ ನೀರು ತರಲು ಬುದ್ಧಿಶಾಲಿಗಳು ತೋಡಿದ ನಾಲೆಗಳೇ ಅವು ಎಂದು ವಾದಿಸಿದರು. ಬರಿಗಣ್ಣಿಗೆ ಎಟುಕದ ಚುಕ್ಕೆಗಳನ್ನು ಮನಸ್ಸು ಗೆರೆಯಾಗಿ ಕೂಡಿಸಿಕೊಂಡಿತ್ತೆಂಬುದು ಆಮೇಲೆ ಸ್ಪಷ್ಟವಾಯಿತು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ನಿದರ್ಶನವುಂಟು. 1950ರ ದಶಕದ ಕೊನೆಯಲ್ಲಿ ವಿಲಿಯಂ ಸಿಂಟನ್ ಅವರು ಮಂಗಳದಿಂದ ಬಂದ ಅವಕೆಂಪು ಬೆಳಕಿನ ರೋಹಿತದಲ್ಲಿ ಕೆಲವು ಹೀರಿಕೆಯ ಪಟ್ಟಿಗಳನ್ನು ಕಂಡರು. ಅವು ಸಸ್ಯಗಳಲ್ಲಿರುವಂಥ ಇಂಗಾಲ-ಜಲಜನಕ ಬಂಧಗಳ ಗುರುತಿನಂತೆ ತೋರಿದುವು. ಆದರೆ ಪಟ್ಟಿಗಳಲ್ಲಿ ಮುಖ್ಯವಾದುವು ಭೂಮಿಯ ವಾಯುಮಂಡಲದಲ್ಲಿಯೇ ಇರುವ, ಭಾರಜಲಜನಕದಿಂದ ಕೂಡಿದ ನೀರಾವಿಯಿಂದ ಉಂಟಾದುವೆಂದು 1965ರಲ್ಲಿ ನಿಶ್ಚಯವಾಯಿತು. ಹಾಗೆ ನಿಶ್ಚಯಿಸಿದವರಲ್ಲಿ ಸಿಂಟನ್ ಅವರೂ ಒಬ್ಬರೆಂಬುದು ಸ್ಮರಣೀಯ.

ಅದೇ ವರ್ಷದ ಜುಲೈ ತಿಂಗಳಿನಲ್ಲಿ ಮ್ಯಾರಿನರ್ 4 ಎಂಬ ನೌಕೆ ಮಂಗಳದ ಬಳಿ ಹಾದುಹೋಗುತ್ತ ಚಿತ್ರಗಳನ್ನು ಕಳುಹಿಸಿತು. ಕಾಣಿಸಿದ್ದು ಚಂದ್ರನ ಮೇಲಿರುವಂಥ ಕುಳಿಗಳು. ವಾಯುವಿನ ಒತ್ತಡ ಭೂಮಿಯದರ ನೂರರಲ್ಲೊಂದು ಪಾಲಿಗಿಂತಲೂ ಕಡಮೆಯೆಂದು ತಿಳಿಯಿತು. ಇಂಥ ಒತ್ತಡದಲ್ಲಿ ನೀರು ದ್ರವರೂಪದಲ್ಲಿ ನಿಲ್ಲಲಾರದು; ಸೂರ್ಯನ ಅತಿನೇರಳೆ ಕಿರಣಗಳು ತಡೆಯಿಲ್ಲದೆ ನೆಲವನ್ನು ಮುಟ್ಟುತ್ತವೆ. ಆದರೆ 1971ರಲ್ಲಿ ಮಂಗಳವನ್ನು ಸುತ್ತತೊಡಗಿದ ಮ್ಯಾರಿನರ್ 9, ಬತ್ತಿದ ನದೀಪಾತ್ರಗಳಂತಿರುವ ಕಣಿವೆಗಳನ್ನು ತೋರಿಸಿತು. ಒಂದು ಕಾಲದಲ್ಲಿ ನೀರು ಹರಿದಿದ್ದರೆ ಜೀವವೂ ಹುಟ್ಟಿದ್ದಿರಬಹುದು. ಹುಟ್ಟಿದ್ದರೆ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ರೂಪದಲ್ಲಿ ಉಳಿದಿರಲೂಬಹುದು. ಈ ನಿರೀಕ್ಷೆ ವೈಕಿಂಗ್ ಯೋಜನೆಗೆ ಬೆಂಬಲವಾಯಿತು.

ವೈಕಿಂಗ್ ಪ್ರಯೋಗಗಳು

ವೈಕಿಂಗ್ 1 ನೌಕೆ 1976ರ ಜುಲೈ 20ರಂದು ಕ್ರೈಸೆ ಬಯಲಿನಲ್ಲಿಯೂ, ವೈಕಿಂಗ್ 2 ಸೆಪ್ಟೆಂಬರ್ 3ರಂದು ಯುಟೋಪಿಯಾ ಬಯಲಿನಲ್ಲಿಯೂ ಇಳಿದುವು. ಭೂಮಿಯ ಸೂಕ್ಷ್ಮಜೀವಿಗಳು ಜೊತೆಯಲ್ಲಿ ಹೋಗಿ ಉತ್ತರವನ್ನು ಕೆಡಿಸದಂತೆ, ಇಳಿಯುವ ನೌಕೆಗಳನ್ನು ಹೊರಡುವ ಮೊದಲೇ ಬಿಸಿಯಲ್ಲಿ ಬೇಯಿಸಿ ಶುದ್ಧಿಮಾಡಲಾಗಿತ್ತು. ಪ್ರತಿಯೊಂದರಲ್ಲಿಯೂ ಜೀವಪರೀಕ್ಷೆಗೆ ಮೂರು ಪ್ರಯೋಗಗಳಿದ್ದುವು.

ಮೊದಲನೆಯದು ಗಿಲ್ಬರ್ಟ್ ಲೆವಿನ್ ಮತ್ತು ಪೆಟ್ರೀಷಿಯಾ ಸ್ಟ್ರಾಟ್ ಅವರದು. ವಿಕಿರಣಶೀಲ ಇಂಗಾಲ-14 ಸೇರಿಸಿದ ಸರಳ ಪೋಷಕ ದ್ರವ್ಯಗಳ ತೆಳು ದ್ರಾವಣವನ್ನು ಮಣ್ಣಿಗೆ ತೊಟ್ಟಿಕ್ಕಿಸುವುದು ಇದರ ಕ್ರಮ. ಮಣ್ಣಿನಲ್ಲಿ ಜೀವಿಗಳಿದ್ದರೆ ಅವು ಆ ಆಹಾರವನ್ನುಂಡು ವಿಕಿರಣಶೀಲ ಅನಿಲವನ್ನು ಹೊರಬಿಡಬೇಕು. ಎರಡನೆಯದು ವಾನ್ಸ್ ಓಯಾಮಾ ಅವರ ಅನಿಲ ವಿನಿಮಯ ಪ್ರಯೋಗ: ಮಣ್ಣಿಗೆ ಮೊದಲು ಬರಿಯ ತೇವವನ್ನೂ ಆಮೇಲೆ ಪುಷ್ಟಿಕರವಾದ ದ್ರಾವಣವನ್ನೂ ಕೊಟ್ಟು, ಸುತ್ತಣ ಅನಿಲಗಳಲ್ಲಿ ಆಗುವ ವ್ಯತ್ಯಾಸವನ್ನು ಅಳೆಯುವುದು. ಮೂರನೆಯದು ನಾರ್ಮನ್ ಹೊರೊವಿಟ್ಜ್ ಅವರದು: ವಿಕಿರಣಶೀಲ ಇಂಗಾಲವಿರುವ ಅನಿಲಗಳನ್ನೂ ಬೆಳಕನ್ನೂ ಒದಗಿಸಿ, ನಮ್ಮ ಸಸ್ಯಗಳಂತೆ ಮಣ್ಣಿನಲ್ಲಿರುವುದೇನಾದರೂ ಆ ಇಂಗಾಲವನ್ನು ಹಿಡಿದಿಟ್ಟುಕೊಳ್ಳುವುದೇ ಎಂದು ನೋಡುವುದು.

ಇವುಗಳ ಜೊತೆಗೆ ಕ್ಲಾಸ್ ಬೀಮನ್ ಅವರ ನೇತೃತ್ವದ ಇನ್ನೊಂದು ಉಪಕರಣವಿದ್ದಿತು. ಅದು ಮಣ್ಣನ್ನು 500° ಸೆ. ವರೆಗೆ ಕಾಯಿಸಿ, ಹೊರಬರುವ ಆವಿಯಲ್ಲಿ ಸಾವಯವ ಅಣುಗಳುಂಟೆ ಎಂದು ಹುಡುಕುವುದು. ಇದು ಜೀವವನ್ನೇ ಹುಡುಕುವ ಉಪಕರಣವಲ್ಲ. ಜೀವದ ಶರೀರವಾಗಬಲ್ಲ ದ್ರವ್ಯವನ್ನು ಹುಡುಕುವುದು.

ಪರಸ್ಪರ ವಿರುದ್ಧ ಫಲಗಳು

ಲೆವಿನ್ ಅವರ ಪ್ರಯೋಗದಲ್ಲಿ ಪೋಷಕ ದ್ರಾವಣ ತಗುಲಿದೊಡನೆ ವಿಕಿರಣಶೀಲ ಅನಿಲ ಭರದಿಂದ ಹೊರಟಿತು. ಅದೇ ಮಣ್ಣನ್ನು ಮೊದಲು 160° ಸೆ. ಉಷ್ಣತೆಯಲ್ಲಿ ಮೂರು ಗಂಟೆ ಕಾಯಿಸಿ ಆಮೇಲೆ ದ್ರಾವಣ ಕೊಟ್ಟಾಗ ಆ ಕ್ರಿಯೆ ನಿಂತುಹೋಯಿತು. ಕಾಯಿಸಿದರೆ ಸಾಯುವುದು ಜೀವದ ಲಕ್ಷಣ. ಪ್ರಯೋಗಕ್ಕೆ ಮುಂಚೆ ನಿಶ್ಚಯಿಸಿದ್ದ ನಿಯಮದಂತೆ ಇದು ‘ಜೀವವುಂಟು’ ಎಂಬ ಉತ್ತರವೇ ಸರಿ. ಆದರೆ ಎರಡನೆಯ ಸಲ ದ್ರಾವಣ ಹಾಕಿದಾಗ ಹೊಸದಾಗಿ ಅನಿಲ ಹೊರಡಲಿಲ್ಲ. ಬಂದಿದ್ದುದರಲ್ಲಿಯೇ ಒಂದು ಪಾಲು ಮಣ್ಣಿಗೆ ಹಿಂದಿರುಗಿತು. ಜೀವಿಗಳು ಬೆಳೆದು ಹೆಚ್ಚಿದ್ದರೆ ಹೀಗಾಗುವುದಕ್ಕೆ ಕಾರಣವಿಲ್ಲ.

ಓಯಾಮಾ ಅವರ ಪ್ರಯೋಗದಲ್ಲಿ, ಆಹಾರ ಕೊಡುವುದಕ್ಕೆ ಮೊದಲೇ, ಬರಿಯ ತೇವ ಸೋಕಿದೊಡನೆ ಕತ್ತಲೆಯಲ್ಲಿ ಆಮ್ಲಜನಕ ಹೊರಟಿತು. 145° ಸೆ. ವರೆಗೆ ಕಾಯಿಸಿದ ಮಣ್ಣೂ ಹಾಗೆಯೇ ವರ್ತಿಸಿತು. ಇದು ಜೀವಿಗಳ ಕೆಲಸವೆನ್ನುವುದು ಕಷ್ಟ. ಹೊರೊವಿಟ್ಜ್ ಅವರ ಪ್ರಯೋಗದಲ್ಲಿ ಅಲ್ಪ ಪ್ರಮಾಣದ ಇಂಗಾಲ ಹಿಡಿದಿದ್ದುದು ಕಂಡರೂ, 90° ಸೆ. ಶಾಖದಿಂದ ಅದಕ್ಕೆ ಬಾಧಕವಾಗಲಿಲ್ಲ.

ಎಲ್ಲಕ್ಕಿಂತ ನಿರ್ಣಾಯಕವಾದುದು ಬೀಮನ್ ಅವರ ಉಪಕರಣದ ಫಲ. ಮಂಗಳದ್ದೆನ್ನಬಹುದಾದ ಸಾವಯವ ದ್ರವ್ಯವೇ ಅದಕ್ಕೆ ದೊರೆಯಲಿಲ್ಲ. ಕಂಡುಬಂದ ಕ್ಲೋರೊಮೀಥೇನ್ ಮತ್ತು ಡೈಕ್ಲೋರೊಮೀಥೇನ್‌ಗಳು ಭೂಮಿಯಲ್ಲಿ ಉಪಕರಣವನ್ನು ತೊಳೆಯಲು ಬಳಸಿದ ದ್ರಾವಕಗಳ ಉಳಿಕೆಯೆಂದು ಎಣಿಸಲಾಯಿತು. ಶರೀರವೇ ಇಲ್ಲದೆಡೆಯಲ್ಲಿ ಉಸಿರಾಟವೆಲ್ಲಿಯದು? ಬಹುಪಾಲು ವಿಜ್ಞಾನಿಗಳು, ಮಣ್ಣಿನಲ್ಲಿರುವ ಪ್ರಬಲ ಉತ್ಕರ್ಷಕ ದ್ರವ್ಯವೊಂದು ಪೋಷಕಗಳನ್ನು ಒಡೆದು ಜೀವವನ್ನು ಅನುಕರಿಸಿತೆಂದು ತೀರ್ಮಾನಿಸಿದರು. ಲೆವಿನ್ ಅವರು ಮಾತ್ರ 2021ರಲ್ಲಿ ನಿಧನರಾಗುವವರೆಗೂ ತಮ್ಮ ಪ್ರಯೋಗ ಜೀವವನ್ನೇ ಕಂಡಿತೆಂಬ ಅಭಿಪ್ರಾಯವನ್ನು ಬಿಡಲಿಲ್ಲ. ಅವರ ಪಟ್ಟಿಗೆ ಆಧಾರವಿಲ್ಲದಿರಲಿಲ್ಲ: ಆ ಉತ್ಕರ್ಷಕ ಯಾವುದೆಂಬುದನ್ನು ಆಗ ಯಾರೂ ತೋರಿಸಿಕೊಟ್ಟಿರಲಿಲ್ಲ.

ಪರ್‌ಕ್ಲೋರೇಟಿನ ಪಾತ್ರ

2008ರಲ್ಲಿ ಮಂಗಳದ ಉತ್ತರ ಪ್ರದೇಶದಲ್ಲಿ ಇಳಿದ ಫೀನಿಕ್ಸ್ ನೌಕೆ ಅಲ್ಲಿಯ ಮಣ್ಣನ್ನು ನೀರಿನಲ್ಲಿ ಕದಡಿ ಪರೀಕ್ಷಿಸಿ, ನೂರಕ್ಕೆ ಅರ್ಧದಷ್ಟು ಪರ್‌ಕ್ಲೋರೇಟ್ ಲವಣವನ್ನು ಕಂಡಿತು. ಈ ಲವಣ ಶೈತ್ಯದಲ್ಲಿ ನಿಷ್ಕ್ರಿಯವಾದುದು. ಕಾಯಿಸಿದರೆ ಆಮ್ಲಜನಕವನ್ನೂ ಕ್ಲೋರಿನನ್ನೂ ಬಿಟ್ಟುಕೊಡುತ್ತದೆ. ಹೀಗಿರಲಾಗಿ, ವೈಕಿಂಗ್ ಮಣ್ಣನ್ನು ಕಾಯಿಸಿದಾಗ ಅದರಲ್ಲಿ ಸಾವಯವ ದ್ರವ್ಯವಿದ್ದಿದ್ದರೂ ಪರೀಕ್ಷೆಯೇ ಅದನ್ನು ಸುಟ್ಟುಬಿಟ್ಟಿರುವುದು ಸಾಧ್ಯ. ಇದನ್ನು ನೋಡಲು ನವಾರೊ-ಗೊನ್ಸಾಲೆಸ್ ಮತ್ತು ಸಂಗಡಿಗರು ಚಿಲಿ ದೇಶದ ಅಟಕಾಮಾ ಮರುಭೂಮಿಯ ಮಣ್ಣಿಗೆ ಪರ್‌ಕ್ಲೋರೇಟ್ ಬೆರೆಸಿ ಕಾಯಿಸಿದರು. ಮಣ್ಣಿನ ಸಾವಯವ ದ್ರವ್ಯ ನಾಶವಾಗಿ, ಕ್ಲೋರೊಮೀಥೇನ್ ಮತ್ತು ಡೈಕ್ಲೋರೊಮೀಥೇನ್ ಹುಟ್ಟಿದುವೆಂದು 2010ರಲ್ಲಿ ಪ್ರಕಟಿಸಿದರು. ತೊಳೆದ ದ್ರಾವಕದ ಉಳಿಕೆಯೆಂದು ತಳ್ಳಿಹಾಕಿದ್ದ ವಸ್ತುಗಳಿಗೆ ಹೀಗೆ ಬೇರೊಂದು ಅರ್ಥ ಸಾಧ್ಯವಾಯಿತು.

ಇಷ್ಟರಿಂದ ಲೆವಿನ್ ಅವರ ಪಕ್ಷ ಗೆದ್ದಿತೆಂದು ಭಾವಿಸಲಾಗದು. ಪರ್‌ಕ್ಲೋರೇಟನ್ನು ವಿಕಿರಣಕ್ಕೆ ಒಡ್ಡಿದರೆ ಅದರಿಂದ ಹೈಪೊಕ್ಲೋರೈಟ್ ಮೊದಲಾದ ಚುರುಕಾದ ಉತ್ಕರ್ಷಕಗಳು ಉಂಟಾಗುತ್ತವೆ. ಹಾಗೆ ಒಡ್ಡಿದ ಲವಣಕ್ಕೆ ನೀರು ತಗುಲಿದಾಗ ಆಮ್ಲಜನಕ ಹೊರಡುತ್ತದೆ, ಪೋಷಕ ದ್ರಾವಣ ತಗುಲಿದಾಗ ಇಂಗಾಲದ ಡೈಆಕ್ಸೈಡು ಹೊರಡುತ್ತದೆ ಎಂದು ರಿಚರ್ಡ್ ಕ್ವಿನ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಎಂದರೆ, ಒಂದೇ ಲವಣ ಒಂದು ಕಡೆ ‘ಜೀವವಿಲ್ಲ’ ಎಂಬ ಫಲದ ಬಲವನ್ನು ಕುಂದಿಸಿತು. ಇನ್ನೊಂದು ಕಡೆ ‘ಜೀವವುಂಟು’ ಎಂಬ ಫಲದ ಬಲವನ್ನೂ ಕುಂದಿಸಿತು. ಪ್ರಯೋಗಗಳಲ್ಲಿ ಅಳತೆಯ ಲೋಪವಿರಲಿಲ್ಲ. ಮಣ್ಣಿನ ರಸಾಯನವನ್ನು ತಿಳಿಯದೆ ಅದರ ಜೀವಶಾಸ್ತ್ರವನ್ನು ಕೇಳಿದುದೇ ತೊಡಕಿನ ಮೂಲ.

ಇಂದಿನ ಸ್ಥಿತಿ

ಆಮೇಲಣ ಯೋಜನೆಗಳು ಈ ಪಾಠವನ್ನು ಅನುಸರಿಸಿ, ಜೀವವನ್ನು ನೇರವಾಗಿ ಕೇಳುವ ಬದಲು, ಜೀವಕ್ಕೆ ಅನುಕೂಲವಾದ ಸ್ಥಿತಿ ಹಿಂದೆ ಇದ್ದಿತೆ ಎಂಬುದರಿಂದ ಆರಂಭಿಸಿದುವು. 2012ರಲ್ಲಿ ಗೇಲ್ ಕುಳಿಯಲ್ಲಿ ಇಳಿದ ಕ್ಯೂರಿಯಾಸಿಟಿ ಅಲ್ಲಿ ಪುರಾತನ ಸರೋವರವಿದ್ದುದನ್ನು ಸ್ಥಾಪಿಸಿತು. ಸುಮಾರು 350 ಕೋಟಿ ವರ್ಷಗಳ ಹಿಂದಿನ ಕೆಸರುಗಲ್ಲಿನಲ್ಲಿ ಸಾವಯವ ಅಣುಗಳಿರುವುದು 2018ರಲ್ಲಿ ಪ್ರಕಟವಾಯಿತು. ಹತ್ತರಿಂದ ಹನ್ನೆರಡು ಇಂಗಾಲ ಪರಮಾಣುಗಳ ಸರಪಣಿಗಳು ದೊರೆತುದು 2025ರಲ್ಲಿ ಪ್ರಕಟವಾಯಿತು. ಇಂಥ ಅಣುಗಳು ಜೀವದಿಂದಲೂ ಬರಬಹುದು, ಉಲ್ಕೆಗಳಿಂದಲೂ ಶಿಲೆಗಳ ರಾಸಾಯನಿಕ ಕ್ರಿಯೆಯಿಂದಲೂ ಬರಬಹುದು.

ಮಿಥೇನ್ ಅನಿಲದ ವಿಷಯವೂ ಇಂಥದೇ. ಭೂಮಿಯಲ್ಲಿ ಈ ಅನಿಲ ಬಹುಮಟ್ಟಿಗೆ ಜೀವಜನ್ಯ. 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆಯನ್ನು ಸೇರಿದ ಭಾರತದ ಮಂಗಳಯಾನದಲ್ಲಿಯೂ ಮಿಥೇನ್ ಸಂವೇದಿಯೊಂದಿದ್ದಿತು. ಬೆಂಗಳೂರಿನ ಸಮೀಪದ ಬ್ಯಾಲಾಳಿನ ಬೃಹದ್ ಆಂಟೆನಾ ಆ ನೌಕೆಯೊಡನೆ ಸಂಪರ್ಕವಿಟ್ಟುಕೊಂಡಿದ್ದಿತು. ಕ್ಯೂರಿಯಾಸಿಟಿ ನೆಲದ ಮಟ್ಟದಲ್ಲಿ ಅಲ್ಪಸ್ವಲ್ಪ ಮಿಥೇನನ್ನು ಅಳೆದರೆ, ಯೂರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್ 2018ರಿಂದ ನಡೆಸಿದ ಅತಿ ಸೂಕ್ಷ್ಮ ಶೋಧದಲ್ಲಿ ಅದನ್ನು ಕಾಣಲಿಲ್ಲ.

2021ರ ಫೆಬ್ರವರಿ 18ರಂದು ಜೆಜೆರೊ ಕುಳಿಯಲ್ಲಿ ಇಳಿದ ಪರ್ಸಿವಿಯರೆನ್ಸ್, 2024ರ ಜುಲೈಯಲ್ಲಿ ಪ್ರಾಚೀನ ನದೀಕಣಿವೆಯೊಂದರ ಶಿಲೆಯಲ್ಲಿ ಚಿರತೆಯ ಮೈಮೇಲಿನಂಥ ಚುಕ್ಕೆಗಳನ್ನು ಕಂಡಿತು. ಅವುಗಳಲ್ಲಿ ಕಬ್ಬಿಣದ ಫಾಸ್ಫೇಟ್ ಮತ್ತು ಕಬ್ಬಿಣದ ಸಲ್ಫೈಡ್ ಖನಿಜಗಳಿರುವಂತೆ ತೋರುತ್ತದೆ. ಆ ಶಿಲೆಯಲ್ಲಿ ಸಾವಯವ ಇಂಗಾಲದ ಗುರುತೂ ಉಂಟು. ಭೂಮಿಯ ಕೆಸರಿನಲ್ಲಿ ಇಂಥ ಖನಿಜಗಳು ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಉಂಟಾಗುವುದು ಸಾಮಾನ್ಯ. ಆದರೂ 2025ರ ಸೆಪ್ಟೆಂಬರಿನಲ್ಲಿ ಈ ಫಲವನ್ನು ಪ್ರಕಟಿಸಿದ ಸಂಶೋಧಕರು ಇದನ್ನು ‘ಸಂಭಾವ್ಯ ಜೀವಚಿಹ್ನೆ’ ಎಂದಷ್ಟೇ ಕರೆದರು. ಜೀವವಿಲ್ಲದೆಯೂ ಅವು ಉಂಟಾಗಬಲ್ಲ ಮಾರ್ಗಗಳನ್ನು ಅದೇ ಲೇಖನದಲ್ಲಿ ಒಂದೊಂದಾಗಿ ಪರಿಶೀಲಿಸಿದರು. ಲೋವೆಲ್ ಅವರ ನಾಲೆಗಳಿಂದ ಈ ಸಂಯಮದ ಮಾತಿನವರೆಗೆ ಶಾಸ್ತ್ರವು ನಡೆದು ಬಂದ ದಾರಿ ಸಣ್ಣದಲ್ಲ.

ಆ ಶಿಲೆಯಿಂದ ಕೊರೆದು ತೆಗೆದ ತುಂಡು ಮುಚ್ಚಿದ ಲೋಹದ ನಳಿಕೆಯಲ್ಲಿ ಮಂಗಳದಲ್ಲಿಯೇ ಇದೆ. ಅದನ್ನು ಭೂಮಿಗೆ ತಂದು, ಅದರ ಗಂಧಕ ಮತ್ತು ಕಬ್ಬಿಣಗಳ ಐಸೋಟೋಪುಗಳನ್ನು ಅಳೆದು, ಶಾಖದಿಂದಲೋ ಆಮ್ಲದಿಂದಲೋ ಆ ಖನಿಜಗಳು ಹುಟ್ಟಿರಲಾರವೆಂದು ತೋರಿಸುವವರೆಗೆ ತೀರ್ಪು ಕೊಡಲಾಗದು. ವಿದ್ಯಾರ್ಥಿಗಳು ತಮ್ಮ ಪ್ರಯೋಗಶಾಲೆಯಲ್ಲಿ ‘ಖಾಲಿ’ ಪರೀಕ್ಷೆಯನ್ನು, ಎಂದರೆ ಹುಡುಕುವ ವಸ್ತುವಿಲ್ಲದ ಮಾದರಿಯ ಪರೀಕ್ಷೆಯನ್ನು, ಬೇಸರದ ಕೆಲಸವೆಂದು ಬಿಡುವುದುಂಟು. ಮಂಗಳದ ಮಣ್ಣಿಗೆ ಅಂಥ ಖಾಲಿ ಮಾದರಿ ನಮ್ಮಲ್ಲಿ ಇರಲಿಲ್ಲ. ಅದನ್ನು ಸಂಪಾದಿಸುವುದರಲ್ಲಿಯೇ ಇಷ್ಟು ವರ್ಷಗಳ ಶ್ರಮ ಸಂದಿದೆ.