ಗಣಕಜಾಲದಲ್ಲಿ ಯಂತ್ರಗಳನ್ನು ಗುರುತಿಸುವ ವಿಧಾನ

ಉಚ್ಚಂಗಿದುರ್ಗದ ಅರ್ಜಿದಾರರಿಗೆ "ಸರ್ವರ್ ಸಿಗುತ್ತಿಲ್ಲ" ಎಂಬ ಉತ್ತರ ದೊರೆತಲ್ಲಿ, ಸರ್ವರ್ ಕೆಟ್ಟಿದೆಯೆಂದೇ ಭಾವಿಸಬೇಕಾಗಿಲ್ಲ. ರಾಜ್ಯ, ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳನ್ನು ಜೋಡಿಸುವ ಕೆಸ್ವಾನ್‌ನಂತಹ ಜಾಲಗಳನ್ನು ಸುರಕ್ಷತೆಗಾಗಿ ವಿಭಾಗಗಳಾಗಿ ವಿಂಗಡಿಸಲಾಗುತ್ತದೆ. ಒಂದೇ ವಿಭಾಗದೊಳಗಿನ ಯಂತ್ರಗಳನ್ನು ಎಆರ್‌ಪಿ ಪತ್ತೆಹಚ್ಚುತ್ತದೆ. ಅದು ರೂಟರನ್ನು ದಾಟುವುದಿಲ್ಲ. ಪಿಂಗ್ ದಾಟುತ್ತದೆಯಾದರೂ ಫೈರ್‌ವಾಲ್ ಅದನ್ನು ತಡೆಯಬಹುದು. ಸಂಪರ್ಕವು ಯಾವ ರೂಟರಿನವರೆಗೆ ತಲುಪಿತೆಂಬುದನ್ನು ಟ್ರೇಸ್‌ರೂಟ್ ತೋರಿಸುತ್ತದೆ. 1997ರಲ್ಲಿ ಬಿಡುಗಡೆಯಾದ ಎನ್‌ಮ್ಯಾಪ್, ಪಿಂಗ್‌ಗೆ ಉತ್ತರಿಸದ ಯಂತ್ರವನ್ನೂ ಅದರ ಪೋರ್ಟ್‌ಗಳ ಮೂಲಕ ಗುರುತಿಸಬಲ್ಲದು. ಆದರೂ ಪೂರ್ಣ ನಕ್ಷೆಗೆ ಪ್ರತಿ ವಿಭಾಗದೊಳಗಿನಿಂದಲೇ ಪರಿಶೀಲನೆ ಅಗತ್ಯ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೂ, ಬಳಿಕ ಪುನಃ ಬಳ್ಳಾರಿಗೂ, 2021ರಲ್ಲಿ ವಿಜಯನಗರ ಜಿಲ್ಲೆಗೂ ಸೇರಿತು. ಹೀಗೆ ಆಡಳಿತ ಬದಲಾದೆಡೆ ಹಳೆಯ ನಕ್ಷೆಯನ್ನು ನೆಚ್ಚುವಂತಿಲ್ಲ. ಸಂಪರ್ಕ ಎಲ್ಲಿ ಕಡಿದಿದೆಯೆಂದು ಅರ್ಜಿದಾರರು ವಿಚಾರಿಸಬಹುದು. ಅನುಮತಿಯಿಲ್ಲದೆ ಸರ್ಕಾರಿ ಜಾಲವನ್ನು ಸ್ವತಃ ಶೋಧಿಸತಕ್ಕದ್ದಲ್ಲ.